‘ಹ್ಯಾವ್’ ಎಲ್ಲಿ, ‘ಹ್ಯಾವಿಂಗ್’ ಎಲ್ಲಿ? ರೋಗಿಯ ಪತ್ರ ಬರೆಯುವಾಗ ಎದ್ದ ಪ್ರಶ್ನೆ

ಕರಾವಳಿ ನರ್ಸ್, ಮಂಗಳೂರು

ಎಲ್ಲರಿಗೂ ನಮಸ್ಕಾರ. ಬ್ರಿಟನ್ನಿನ ಆಸ್ಪತ್ರೆಗಳಿಗೆ ಅರ್ಜಿ ಹಾಕುವ ಸಲುವಾಗಿ ನಾನು ಒಇಟಿ ಪರೀಕ್ಷೆಗೆ, ಅಂದರೆ ಆರೋಗ್ಯ ವೃತ್ತಿಯವರಿಗಾಗಿ ನಡೆಸುವ ಇಂಗ್ಲಿಷ್ ಪರೀಕ್ಷೆಗೆ, ಓದುತ್ತಿದ್ದೇನೆ. ಅದರ ಬರವಣಿಗೆ ವಿಭಾಗದಲ್ಲಿ ರೋಗಿಯೊಬ್ಬರ ಕೇಸ್ ನೋಟ್ಸ್ ಕೊಟ್ಟು, 5 ನಿಮಿಷ ಓದಲು ಬಿಟ್ಟು, ಮುಂದಿನ 40 ನಿಮಿಷಗಳಲ್ಲಿ ಮತ್ತೊಬ್ಬ ವೈದ್ಯರಿಗೋ ನರ್ಸ್‌ಗೋ ಸುಮಾರು 180ರಿಂದ 200 ಪದಗಳ ಪತ್ರ ಬರೆಸುತ್ತಾರೆ. ನನ್ನ ಗೊಂದಲವೆಲ್ಲ ಒಂದೇ ಕ್ರಿಯಾಪದದ ಸುತ್ತ ಇದೆ. “ಪೇಶೆಂಟ್ ಈಸ್ ಹ್ಯಾವಿಂಗ್ ಡಯಾಬಿಟಿಸ್” ಎಂದು ಬರೆದರೆ ತಪ್ಪು, “ಹ್ಯಾಸ್ ಡಯಾಬಿಟಿಸ್” ಎಂದೇ ಬರೆಯಬೇಕು ಎಂದು ನಮಗೆ ಪಾಠ ಹೇಳುವವರು ತಿಳಿಸಿದ್ದಾರೆ. ಅಷ್ಟೇ ಅಲ್ಲ, ‘ಹ್ಯಾವಿಂಗ್’ ಎಂಬ ರೂಪ ಪತ್ರದಲ್ಲಿ ಎಲ್ಲಿಯೂ ಕಾಣಿಸಿಕೊಳ್ಳಲೇಬಾರದು ಎಂಬ ಕಟ್ಟಪ್ಪಣೆಯೂ ಇದೆ. ಹಾಗಿದ್ದರೆ ಬ್ರಿಟಿಷ್ ವೈದ್ಯರ ವಿಡಿಯೊಗಳಲ್ಲಿ “ಆರ್ ಯು ಹ್ಯಾವಿಂಗ್ ಎನಿ ಪೇನ್?” ಎಂಬ ಪ್ರಶ್ನೆ ಮತ್ತೆ ಮತ್ತೆ ಕೇಳಿಬರುತ್ತದಲ್ಲ, ಅದು ಹೇಗೆ ಸರಿಯಾಗುತ್ತದೆ? ರೋಗಕ್ಕೆ ಒಂದು ನಿಯಮ, ನೋವಿಗೆ ಇನ್ನೊಂದು ನಿಯಮ ಎಂದು ಇದೆಯೆ? ತಿಳಿದವರು ದಯವಿಟ್ಟು ಕಾರಣಸಹಿತ ವಿವರಿಸಬೇಕು. “ಅದು ಹಾಗೆಯೇ ರೂಢಿ” ಎಂಬ ಉತ್ತರ ನನಗೆ ಈಗಾಗಲೇ ಸಿಕ್ಕಿದೆ.

ನಿವೃತ್ತ ಮೇಷ್ಟ್ರು, ಹಾಸನ

ತಂಗಿ, ನಿಮ್ಮ ಪ್ರಶ್ನೆ ಬಹಳ ಸರಿಯಾದದ್ದು. ‘ಹ್ಯಾವಿಂಗ್ ಬರೆಯಲೇಬೇಡಿ’ ಎಂಬುದು ತಪ್ಪನ್ನು ತಪ್ಪಿಸಲು ಹೇಳಿಕೊಡುವ ಅಡ್ಡದಾರಿಯೇ ಹೊರತು ವ್ಯಾಕರಣದ ನಿಯಮವಲ್ಲ.

‘ಹ್ಯಾವ್’ ಎಂಬ ಒಂದೇ ಕ್ರಿಯಾಪದ ಇಂಗ್ಲಿಷಿನಲ್ಲಿ ಎರಡು ಬೇರೆ ಬೇರೆ ಕೆಲಸಗಳನ್ನು ಮಾಡುತ್ತದೆ. ಒಂದು ಕಡೆ ಅದು ಇರುವಿಕೆಯನ್ನು ಹೇಳುತ್ತದೆ: ಮನೆ ಇದೆ, ಮಕ್ಕಳಿದ್ದಾರೆ, ಸಕ್ಕರೆ ಕಾಯಿಲೆ ಇದೆ, ನಾಳೆ ಪರೀಕ್ಷೆ ಇದೆ. ಇನ್ನೊಂದು ಕಡೆ ಅದು ನಡೆಯುವ ಕ್ರಿಯೆಯನ್ನು ಹೇಳುತ್ತದೆ: ತಿಂಡಿ ತಿನ್ನುವುದು, ಸ್ನಾನ ಮಾಡುವುದು, ಸಭೆ ನಡೆಸುವುದು, ಹೆರಿಗೆಯಾಗುವುದು. ಪ್ರೆಸೆಂಟ್ ಕಂಟಿನ್ಯುಯಸ್ ಎಂಬ ಕಾಲರೂಪ ಇರುವುದೇ ನಡೆಯುತ್ತಿರುವ, ಇನ್ನೂ ಮುಗಿಯದ ಸಂಗತಿಗಾಗಿ. ಆದ್ದರಿಂದ ಎರಡನೆಯ ಅರ್ಥದಲ್ಲಿ “ಶಿ ಈಸ್ ಹ್ಯಾವಿಂಗ್ ಬ್ರೇಕ್‌ಫಾಸ್ಟ್” ಎನ್ನುವುದು ಸರಿಯಷ್ಟೇ ಅಲ್ಲ, ಆ ಕ್ಷಣದ ಮಾತಾದರೆ ಹಾಗೆಯೇ ಹೇಳಬೇಕು. ಮೊದಲನೆಯ ಅರ್ಥದಲ್ಲಿ ಮಾತ್ರ ಅದು ಕೂಡದು. ಇಬ್ಬರು ಅಣ್ಣಂದಿರು ಇರುವುದು ಬೆಳಿಗ್ಗೆ ಶುರುವಾಗಿ ಸಂಜೆ ಮುಗಿಯುವ ಕೆಲಸವಲ್ಲ, ಆದ್ದರಿಂದ “ಐ ಹ್ಯಾವ್ ಟು ಬ್ರದರ್ಸ್.”

ಇದನ್ನು ನೆನಪಿಟ್ಟುಕೊಳ್ಳಲು ಇಂಗ್ಲಿಷ್ ಪುಸ್ತಕಗಳು ಕೊಡುವ ಕ್ರಿಯಾಪದಗಳ ಉದ್ದನೆಯ ಪಟ್ಟಿಯನ್ನು ಬಾಯಿಪಾಠ ಮಾಡಬೇಕಾಗಿಲ್ಲ, ಏಕೆಂದರೆ ನಮ್ಮ ಕನ್ನಡದ ಕಿವಿಯೇ ಸಾಕು. ನೀವು ಹೇಳಬೇಕಾದ ಮಾತನ್ನು ಮೊದಲು ಸಹಜ ಕನ್ನಡದಲ್ಲಿ ಹೇಳಿಕೊಳ್ಳಿ. ವಾಕ್ಯ ‘ಇದೆ’, ‘ಇದ್ದಾನೆ’, ‘ಇವೆ’ ಎಂದು ಮುಗಿದರೆ ಇಂಗ್ಲಿಷಿನಲ್ಲಿ ‘ಹ್ಯಾವ್’ ಅಥವಾ ‘ಹ್ಯಾಸ್’ ಬಳಸಿ. ‘ಮಾಡುತ್ತಿದ್ದೇನೆ’, ‘ಕುಡಿಯುತ್ತಿದ್ದಾರೆ’, ‘ಆಗುತ್ತಿದೆ’ ಎಂದು ಮುಗಿದರೆ ಧೈರ್ಯವಾಗಿ ‘ಹ್ಯಾವಿಂಗ್’ ಬಳಸಿ. “ಉಸಿರಾಡಲು ಕಷ್ಟವಾಗುತ್ತಿದೆ” ಎಂಬುದು “ಹೀ ಈಸ್ ಹ್ಯಾವಿಂಗ್ ಡಿಫಿಕಲ್ಟಿ ಬ್ರೀದಿಂಗ್” ಆಗುತ್ತದೆ. “ಅವರಿಗೆ ಸಕ್ಕರೆ ಕಾಯಿಲೆ ಇದೆ” ಎಂಬುದು “ಹೀ ಹ್ಯಾಸ್ ಡಯಾಬಿಟಿಸ್” ಆಗುತ್ತದೆ. “ನನಗೆ ಇಬ್ಬರು ಅಣ್ಣಂದಿರು ಇರುತ್ತಿದ್ದಾರೆ” ಎಂದು ನಮ್ಮಲ್ಲಿ ಹುಚ್ಚನೂ ಹೇಳುವುದಿಲ್ಲ. ಹಾಗಿರುವಾಗ “ಐ ಆಮ್ ಹ್ಯಾವಿಂಗ್ ಟು ಬ್ರದರ್ಸ್” ಎಂಬುದು ಕನ್ನಡದ ಪ್ರಭಾವದಿಂದ ಹುಟ್ಟಿದ ತಪ್ಪು ಎಂದು ಹೇಳುವವರ ಮಾತನ್ನು ನಾನು ಒಪ್ಪುವುದಿಲ್ಲ. ಕರಿಹಲಗೆಯ ಮೇಲೆ ‘ಕರ್ತೃ, ಆಮ್-ಈಸ್-ಆರ್, ಕ್ರಿಯಾಪದಕ್ಕೆ ಐಎನ್‌ಜಿ’ ಎಂಬ ಸೂತ್ರ ಬರೆದು, ಸಿಕ್ಕ ಸಿಕ್ಕ ಕ್ರಿಯಾಪದಗಳನ್ನೆಲ್ಲ ಅದರೊಳಗೆ ತುರುಕಿ ಮಕ್ಕಳಿಂದ ಬರೆಸುವ ಪದ್ಧತಿಯ ಫಲ ಇದು ಎಂಬುದು ನನ್ನ ಅಭಿಪ್ರಾಯ.

ಧಾರವಾಡದ ಓದುಗ

ಗುರುಗಳ ವಿವರಣೆ ಮನಸ್ಸಿಗೆ ಒಪ್ಪಿತು. ಒಂದು ಚಿಕ್ಕ ಮಾತನ್ನು ಸೇರಿಸುತ್ತೇನೆ. ‘ಹ್ಯಾವಿಂಗ್’ ತಪ್ಪನ್ನು ತಿದ್ದಿಕೊಂಡವರು ಕೂಡ “ಡಸ್ ನಾಟ್ ಹ್ಯಾಸ್” ಎಂಬಲ್ಲಿ ಎಡವುತ್ತಾರೆ. ‘ಡಸ್’ ಬಂದ ಕೂಡಲೇ ಪ್ರಥಮ ಪುರುಷ ಏಕವಚನದ ಗುರುತು ಅದರಲ್ಲಿಯೇ ಸೇರಿಹೋಗುತ್ತದೆ, ಆದ್ದರಿಂದ ಮೂಲ ಕ್ರಿಯಾಪದ ಮತ್ತೆ ‘ಹ್ಯಾವ್’ ಆಗಿ ಉಳಿಯುತ್ತದೆ: “ಶಿ ಡಸ್ ನಾಟ್ ಹ್ಯಾವ್ ಎನಿ ಅಲರ್ಜೀಸ್.” ಹಾಗೆಯೇ “ಒನ್ ಆಫ್ ಹರ್ ಸನ್ಸ್ ಹ್ಯಾಸ್ ಆಸ್ತಮಾ” ಎಂಬಲ್ಲಿ ಪಕ್ಕದಲ್ಲಿರುವ ಬಹುವಚನವನ್ನು ನೋಡಿ ‘ಹ್ಯಾವ್’ ಬರೆಯಬಾರದು, ಕರ್ತೃ ‘ಒನ್’.

ಕೋಡ್ ಬರೆಯುವವ, ಬೆಂಗಳೂರು

ಮೇಷ್ಟ್ರೇ, ನಿಮ್ಮ ಬಗ್ಗೆ ಗೌರವವಿಟ್ಟುಕೊಂಡೇ ಭಿನ್ನಾಭಿಪ್ರಾಯ ಹೇಳುತ್ತಿದ್ದೇನೆ. ನಮ್ಮ ಕಚೇರಿಯಲ್ಲಿ “ಐ ಆಮ್ ಹ್ಯಾವಿಂಗ್ ಫೈವ್ ಇಯರ್ಸ್ ಎಕ್ಸ್‌ಪೀರಿಯನ್ಸ್” ಎಂದರೆ ಅರ್ಥವಾಗದೆ ಉಳಿಯುವವರು ಯಾರೂ ಇಲ್ಲ. ಕನ್ನಡಿಗರು, ತಮಿಳರು, ಬಿಹಾರದವರು, ಬಂಗಾಳಿಗಳು ಎಲ್ಲರೂ ಹಾಗೆಯೇ ಮಾತನಾಡುತ್ತಾರೆ. ಇಷ್ಟು ಜನ ಇಷ್ಟು ಕಾಲದಿಂದ ಆಡುತ್ತಿರುವ ರೂಪವನ್ನು ತಪ್ಪು ಎನ್ನುವ ಬದಲು ಭಾರತೀಯ ಇಂಗ್ಲಿಷಿನ ರೂಪ ಎಂದು ಏಕೆ ಒಪ್ಪಿಕೊಳ್ಳಬಾರದು? ‘ಲವ್’ ಕೂಡ ನಿಮ್ಮ ಪಟ್ಟಿಯಲ್ಲಿ ಕಂಟಿನ್ಯುಯಸ್ ಆಗಬಾರದ ಕ್ರಿಯಾಪದವೇ ತಾನೆ? ಆದರೂ ಮೆಕ್‌ಡೊನಾಲ್ಡ್ಸ್ ಕಂಪನಿ “ಐ ಆಮ್ ಲವಿಂಗ್ ಇಟ್” ಎಂದು ಜಗತ್ತಿನಾದ್ಯಂತ ಜಾಹೀರಾತು ಮಾಡಿತು. ಅಮೆರಿಕದವರು ಮುರಿದರೆ ಅದು ಶೈಲಿ, ನಾವು ಮುರಿದರೆ ತಪ್ಪು ಎನ್ನುವುದು ಯಾವ ನ್ಯಾಯ?

ಭಾಷಾವಿಜ್ಞಾನದ ವಿದ್ಯಾರ್ಥಿನಿ, ಮೈಸೂರು

ಈ ಪ್ರಶ್ನೆಯಲ್ಲಿ ಅರ್ಧ ಸತ್ಯ ಇರುವುದರಿಂದ ಸ್ವಲ್ಪ ವಿವರವಾಗಿ ಬರೆಯುತ್ತೇನೆ.

ಸ್ಥಿತಿ ಮತ್ತು ಕ್ರಿಯೆ ಎಂಬ ಭೇದ ಬರಿಯ ಶಾಲಾ ವ್ಯಾಕರಣದ ಕಲ್ಪನೆಯಲ್ಲ. ತತ್ತ್ವಶಾಸ್ತ್ರಜ್ಞ ಜೆನೋ ವೆಂಡ್ಲರ್ 1957ರಲ್ಲಿ ಪ್ರಕಟಿಸಿದ ಲೇಖನದಲ್ಲಿ ಕ್ರಿಯಾಪದಗಳನ್ನು ಅವು ಕಾಲದಲ್ಲಿ ಹರಡಿಕೊಳ್ಳುವ ರೀತಿಯನ್ನು ನೋಡಿ ನಾಲ್ಕು ವರ್ಗಗಳಾಗಿ ವಿಂಗಡಿಸಿದರು. ಸ್ಥಿತಿ ಅವುಗಳಲ್ಲಿ ಒಂದು. ಓಡುವುದಕ್ಕೆ ಹಂತಗಳಿವೆ, ಒಂದು ಕ್ಷಣದ ಓಟ ಮುಂದಿನ ಕ್ಷಣದ ಓಟಕ್ಕೆ ದಾರಿ ಮಾಡುತ್ತದೆ. ಗೊತ್ತಿರುವುದಕ್ಕೆ, ಒಡೆತನಕ್ಕೆ ಅಂಥ ಹಂತಗಳಿಲ್ಲ. ಹಂತಗಳಿಲ್ಲದ್ದನ್ನು ‘ನಡೆಯುತ್ತಿದೆ’ ಎನ್ನಲು ಬರುವುದಿಲ್ಲ ಎಂಬುದು ಇಂಗ್ಲಿಷಿನ ನಿಯಮದ ತಿರುಳು. ಗಮನಿಸಬೇಕಾದದ್ದೇನೆಂದರೆ ಈ ವಿಂಗಡಣೆ ಬಿಡಿ ಪದಕ್ಕೆ ಅಂಟಿದ್ದಲ್ಲ, ಆ ವಾಕ್ಯದಲ್ಲಿ ಪದ ತಳೆಯುವ ಅರ್ಥಕ್ಕೆ ಅಂಟಿದ್ದು. ಆದ್ದರಿಂದಲೇ ‘ಹ್ಯಾವ್’ ಒಂದು ವಾಕ್ಯದಲ್ಲಿ ಸ್ಥಿತಿಯಾಗಿ, ಇನ್ನೊಂದರಲ್ಲಿ ಕ್ರಿಯೆಯಾಗಿ ನಿಲ್ಲುತ್ತದೆ.

ಜಾಹೀರಾತಿನ ವಿಷಯ. ಆ ಘೋಷವಾಕ್ಯ 2003ರಲ್ಲಿ ಮೊದಲು ಹೊರಬಂದದ್ದು ಜರ್ಮನಿಯ ಮ್ಯೂನಿಕ್ ನಗರದಲ್ಲಿ. ಜರ್ಮನ್ ರೂಪ “ಇಖ್ ಲೀಬೆ ಎಸ್” ಎಂದಿದ್ದು, ಅದು ಸರಳ ವರ್ತಮಾನ, ಏಕೆಂದರೆ ಇಂಗ್ಲಿಷಿನಲ್ಲಿರುವಂಥ ಕಂಟಿನ್ಯುಯಸ್ ರೂಪವೇ ಶಿಷ್ಟ ಜರ್ಮನ್ ಭಾಷೆಯಲ್ಲಿಲ್ಲ. ಇಂಗ್ಲಿಷ್ ರೂಪ ನಿಯಮವನ್ನು ಮುರಿದಂತೆ ಕಂಡರೂ ಸುಮ್ಮನೆ ಮುರಿದದ್ದಲ್ಲ. ಶಾಶ್ವತವಾದ ಪ್ರೀತಿಯ ಮಾತನ್ನು ಬಿಟ್ಟು, ಬಾಯಲ್ಲಿ ತುತ್ತಿರುವ ಈ ಗಳಿಗೆಯ ಖುಷಿಯನ್ನು ಹೇಳುವುದಕ್ಕಾಗಿ ಸ್ಥಿತಿಯನ್ನು ಅದು ಬೇಕೆಂದೇ ಕ್ರಿಯೆಯಾಗಿಸುತ್ತದೆ. ಭಾವನೆ ಏರುತ್ತದೆ, ಇಳಿಯುತ್ತದೆ. ಆದ್ದರಿಂದ ಅದನ್ನು ಹಾಗೆ ಬಗ್ಗಿಸಲು ಸಾಧ್ಯ. ಐದು ವರ್ಷದ ಅನುಭವವನ್ನೋ ಮೂರು ಮಹಡಿಯ ಕಟ್ಟಡವನ್ನೋ ಹಾಗೆ ಬಗ್ಗಿಸಲು ಆಗುವುದಿಲ್ಲ.

ಭಾರತೀಯ ಇಂಗ್ಲಿಷಿನ ವಾದದಲ್ಲಿ ನನಗೆ ಹೆಚ್ಚು ಸಹಾನುಭೂತಿ ಇದೆ. ಸ್ಥಿತಿಸೂಚಕ ಕ್ರಿಯಾಪದಗಳಿಗೆ ಐಎನ್‌ಜಿ ಹಚ್ಚುವುದು ಭಾರತದಲ್ಲಿ ಮಾತ್ರವಲ್ಲ, ನೈಜೀರಿಯಾ, ಕೀನ್ಯಾಗಳಂಥ ದೇಶಗಳ ಇಂಗ್ಲಿಷಿನಲ್ಲೂ ಕಂಡುಬರುತ್ತದೆ. ಅವರ ಮಾತೃಭಾಷೆಗಳಿಗೂ ನಮ್ಮವುಗಳಿಗೂ ನಂಟೇ ಇಲ್ಲ. ಆದ್ದರಿಂದ ಕನ್ನಡವನ್ನು ದೂರಬೇಡಿ ಎಂಬ ಮೇಷ್ಟ್ರ ಮಾತಿಗೆ ಇದು ಇನ್ನೊಂದು ಆಧಾರ. ಇಂಗ್ಲಿಷರ ಇಂಗ್ಲಿಷೂ ಸ್ಥಿರವಾಗಿ ನಿಂತಿಲ್ಲ: ಷೇಕ್ಸ್‌ಪಿಯರನ ಕಾಲದಲ್ಲಿ ಈಗ ಕಂಟಿನ್ಯುಯಸ್ ಬೇಕೇಬೇಕು ಎನ್ನುವಲ್ಲಿ ಸರಳ ವರ್ತಮಾನವೇ ನಡೆಯುತ್ತಿತ್ತು. “ದ ಹೌಸ್ ಈಸ್ ಬೀಯಿಂಗ್ ಬಿಲ್ಟ್” ಎಂಬ ರೂಪವನ್ನು 19ನೇ ಶತಮಾನದಲ್ಲೂ ಹಲವು ಪಂಡಿತರು ಅಸಹ್ಯವೆಂದು ಖಂಡಿಸುತ್ತಿದ್ದರು. ಮುಂದೊಂದು ದಿನ ‘ಆಮ್ ಹ್ಯಾವಿಂಗ್’ ಎಲ್ಲರೂ ಒಪ್ಪುವ ರೂಪವಾದರೆ ನನಗೆ ಆಶ್ಚರ್ಯವೇನೂ ಆಗುವುದಿಲ್ಲ. ಆದರೆ ಇಲ್ಲಿ ಪ್ರಶ್ನೆ ಕೇಳಿದವರು ಬರೆಯಬೇಕಾದ ಪತ್ರವನ್ನು ಓದಿ ಅಂಕ ಕೊಡುವವರು ಇಂದಿನ ಶಿಷ್ಟ ಇಂಗ್ಲಿಷಿನ ಅಳತೆಗೋಲನ್ನು ಹಿಡಿದು ಕೂತಿರುತ್ತಾರೆ.

ಕೋಡ್ ಬರೆಯುವವ, ಬೆಂಗಳೂರು

ಪರೀಕ್ಷೆಯ ಮಾತಿಗೆ ಒಪ್ಪಿಗೆ ಇದೆ. ಕಚೇರಿಯ ಮಾತಿಗೆ ಇಲ್ಲ. ಮುಂದೆ ಓದುತ್ತೇನೆ.

ಲೀಡ್ಸ್ ಕನ್ನಡತಿ, ಬ್ರಿಟನ್

ಮಂಗಳೂರಿನ ತಂಗಿಯ ಪ್ರಶ್ನೆ ನೋಡಿ ಬರೆಯದೆ ಇರಲಾಗಲಿಲ್ಲ, ಏಕೆಂದರೆ ನಾನೂ ಇಲ್ಲಿನ ವಾರ್ಡಿನಲ್ಲಿ ಇದೇ ಕೆಲಸ ಮಾಡುವವಳು. ಮೇಷ್ಟ್ರ ಕಿವಿಯ ಪರೀಕ್ಷೆ ಬಹುಪಾಲು ಸರಿಯಾಗಿ ನಡೆಯುತ್ತದೆ. ಆದರೆ ಅದು ಕೈಕೊಡುವ ಜಾಗವೊಂದಿದೆ, ಮತ್ತು ನಮ್ಮ ವೃತ್ತಿಯಲ್ಲಿ ಆ ಜಾಗವೇ ಎಲ್ಲಕ್ಕಿಂತ ಹೆಚ್ಚು ಬಳಕೆಯಾಗುತ್ತದೆ.

“ಅವರಿಗೆ ಹತ್ತು ವರ್ಷದಿಂದ ಸಕ್ಕರೆ ಕಾಯಿಲೆ ಇದೆ” ಎನ್ನಿ. ಕನ್ನಡದಲ್ಲಿ ‘ಇದೆ’ ಬಂತು, ಆದ್ದರಿಂದ ನಿಯಮದ ಪ್ರಕಾರ “ಹೀ ಹ್ಯಾಸ್ ಡಯಾಬಿಟಿಸ್ ಸಿನ್ಸ್ ಟೆನ್ ಇಯರ್ಸ್” ಆಗಬೇಕು. ಇದರಲ್ಲಿ ಒಂದಲ್ಲ, ಎರಡು ತಪ್ಪುಗಳಿವೆ. ಹಿಂದೆ ಶುರುವಾಗಿ ಇವತ್ತಿನವರೆಗೂ ಮುಂದುವರಿದಿರುವ ಸ್ಥಿತಿಯ ಅವಧಿಯನ್ನು ಹೇಳುವಾಗ ಕನ್ನಡಕ್ಕೆ ವರ್ತಮಾನವೇ ಸಾಕು, ಇಂಗ್ಲಿಷಿಗೆ ಸಾಲದು. ಅಲ್ಲಿ ಪ್ರೆಸೆಂಟ್ ಪರ್ಫೆಕ್ಟ್ ಬೇಕು. ಎರಡನೆಯದಾಗಿ, ನಮ್ಮ ‘ಇಂದ’ ಎಂಬ ಪ್ರತ್ಯಯ ‘ಬೆಳಗಿನಿಂದ’ ಎಂಬಲ್ಲೂ ‘ಹತ್ತು ವರ್ಷದಿಂದ’ ಎಂಬಲ್ಲೂ ಒಂದೇ ರೀತಿ ಕೂರುತ್ತದೆ. ಇಂಗ್ಲಿಷಿನಲ್ಲಿ ಶುರುವಾದ ಹೊತ್ತಿಗೆ ‘ಸಿನ್ಸ್’, ಕಳೆದ ಅವಧಿಗೆ ‘ಫಾರ್’. ಆದ್ದರಿಂದ ಸರಿಯಾದ ವಾಕ್ಯ “ಹೀ ಹ್ಯಾಸ್ ಹ್ಯಾಡ್ ಡಯಾಬಿಟಿಸ್ ಫಾರ್ ಟೆನ್ ಇಯರ್ಸ್.” ‘ಹ್ಯಾಸ್ ಹ್ಯಾಡ್’ ಎಂಬ ಜೋಡಿ ನಮ್ಮ ಕಿವಿಗೆ ತೊದಲಿದಂತೆ ಕೇಳಿಸುವುದರಿಂದ ಹಲವರು ಅದನ್ನು ಬಿಟ್ಟು ‘ಹ್ಯಾಡ್’ ಎಂದಷ್ಟೇ ಬರೆದುಬಿಡುತ್ತಾರೆ. ಆಗ ಕಾಯಿಲೆ ಹಿಂದೆ ಇತ್ತು, ಈಗ ಇಲ್ಲ ಎಂಬ ಅರ್ಥ ಬರುತ್ತದೆ. ಇನ್ಸುಲಿನ್ ತೆಗೆದುಕೊಳ್ಳುವ ರೋಗಿಯ ಪತ್ರದಲ್ಲಿ ಇದು ಬರಿಯ ವ್ಯಾಕರಣದ ತಪ್ಪಾಗಿ ಉಳಿಯುವುದಿಲ್ಲ.

ಇನ್ನು ನೋವಿನ ಪ್ರಶ್ನೆ. “ಡು ಯು ಹ್ಯಾವ್ ಎನಿ ಪೇನ್?” ಎಂಬುದೂ ಸರಿ, “ಆರ್ ಯು ಹ್ಯಾವಿಂಗ್ ಎನಿ ಪೇನ್?” ಎಂಬುದೂ ಸರಿ. ಇಲ್ಲಿನವರ ಬಾಯಲ್ಲಿ “ಹ್ಯಾವ್ ಯು ಗಾಟ್ ಎನಿ ಪೇನ್?” ಎಂಬ ಮೂರನೆಯ ರೂಪವೂ ಸದಾ ಇರುತ್ತದೆ. ನೋವು ಬರುತ್ತದೆ, ಹೋಗುತ್ತದೆ, ಹೆಚ್ಚುತ್ತದೆ, ತಗ್ಗುತ್ತದೆ. ಅದನ್ನು ಇರುವ ವಸ್ತುವಿನಂತೆಯೂ ಕಾಣಬಹುದು, ಆಗುತ್ತಿರುವ ಘಟನೆಯಂತೆಯೂ ಕಾಣಬಹುದು. ‘ಹ್ಯಾವಿಂಗ್’ ಎಂದು ಕೇಳುವವರು ಈಗ, ಈ ಹೊತ್ತಿನಲ್ಲಿ ಏನಾಗುತ್ತಿದೆ ಎಂದು ಕೇಳುತ್ತಾರೆ. ಸಕ್ಕರೆ ಕಾಯಿಲೆ ಹಾಗೆ ಗಳಿಗೆಗೊಮ್ಮೆ ಬಂದು ಹೋಗುವುದಿಲ್ಲ. ರೋಗಕ್ಕೂ ನೋವಿಗೂ ಬೇರೆ ನಿಯಮ ಇದೆಯೆ ಎಂದು ನೀವು ಕೇಳಿದಿರಲ್ಲ, ನಿಯಮ ಒಂದೇ, ಅವೆರಡರ ಸ್ವಭಾವ ಬೇರೆ.

ಇಲ್ಲಿ ಪಾಳಿ ಬದಲಾಗುವಾಗ ರೋಗಿಯ ವಿಷಯವನ್ನು ‘ಎಸ್‌ಬಾರ್’ ಕ್ರಮದಲ್ಲಿ ಒಪ್ಪಿಸುತ್ತೇವೆ: ಸಿಚುಯೇಷನ್, ಬ್ಯಾಕ್‌ಗ್ರೌಂಡ್, ಅಸೆಸ್‌ಮೆಂಟ್, ರೆಕಮೆಂಡೇಶನ್. ಕಿವಿಗೊಟ್ಟು ಕೇಳಿದರೆ ‘ಹ್ಯಾವ್’ ಕ್ರಿಯಾಪದದ ಎರಡು ಮುಖಗಳೂ ಅಲ್ಲಿ ತಾವಾಗಿಯೇ ಬೇರೆಯಾಗುತ್ತವೆ. ಮೊದಲನೆಯದರಲ್ಲಿ ಈಗ ಆಗುತ್ತಿರುವುದು ಬರುತ್ತದೆ: “ಶಿ ಈಸ್ ಹ್ಯಾವಿಂಗ್ ಚೆಸ್ಟ್ ಪೇನ್ ಅಂಡ್ ಈಸ್ ಸ್ವೆಟಿಂಗ್.” ಎರಡನೆಯದರಲ್ಲಿ ಮೊದಲಿನಿಂದ ಇರುವುದು ಬರುತ್ತದೆ: “ಶಿ ಹ್ಯಾಸ್ ಹೈಪರ್‌ಟೆನ್ಷನ್ ಅಂಡ್ ಹ್ಯಾಸ್ ಹ್ಯಾಡ್ ಆಸ್ತಮಾ ಸಿನ್ಸ್ ಚೈಲ್ಡ್‌ಹುಡ್.”

ಮಾತನಾಡುವ ವಿಭಾಗಕ್ಕಾಗಿ ಇನ್ನೊಂದು ಮಾತು: ‘ಹ್ಯಾವ್ ಟು’ ಎಂಬುದನ್ನು ಇಲ್ಲಿ ಬಿಡಿಸಿ ಉಚ್ಚರಿಸುವುದಿಲ್ಲ, ಅದು ‘ಹ್ಯಾಫ್ಟು’ ಎಂದೇ ಕೇಳಿಸುತ್ತದೆ. ‘ಹ್ಯಾಸ್ ಟು’ ಕೂಡ ‘ಹ್ಯಾಸ್ಟು’ ಎಂದು ಒಂದೇ ಉಸಿರಿಗೆ ಬರುತ್ತದೆ.

ಕರಾವಳಿ ನರ್ಸ್, ಮಂಗಳೂರು

ಮೇಷ್ಟ್ರೇ, ಅಕ್ಕ, ಇಬ್ಬರಿಗೂ ಧನ್ಯವಾದಗಳು. ಅಕ್ಕ ಹೇಳಿದ ‘ಹ್ಯಾಫ್ಟು’ ವಿಷಯದಿಂದ ಒಂದು ಉಪಪ್ರಶ್ನೆ ಹುಟ್ಟಿತು. “ಹೀ ಈಸ್ ಹ್ಯಾವಿಂಗ್ ಟು ಯೂಸ್ ಎ ವಾಕರ್” ಎಂಬ ವಾಕ್ಯವನ್ನು ಒಂದು ಮಾದರಿ ಪತ್ರದಲ್ಲಿ ನೋಡಿದೆ. ಬಾಧ್ಯತೆಯೂ ಒಂದು ಸ್ಥಿತಿಯೇ ಅಲ್ಲವೆ? ಇಲ್ಲಿ ಐಎನ್‌ಜಿ ಹೇಗೆ ಬಂತು?

ನಿವೃತ್ತ ಮೇಷ್ಟ್ರು, ಹಾಸನ

ಲೀಡ್ಸ್‌ನ ತಾಯಿ ತೋರಿಸಿದ ಕೊರತೆ ನ್ಯಾಯವಾದದ್ದು. ‘ಇಷ್ಟು ಕಾಲದಿಂದ’ ಎಂಬ ಮಾತು ವಾಕ್ಯದಲ್ಲಿ ಬಂದ ಕೂಡಲೇ ನನ್ನ ಕಿವಿಯ ಪರೀಕ್ಷೆಯನ್ನು ಬದಿಗಿಟ್ಟು ಪರ್ಫೆಕ್ಟ್ ರೂಪವನ್ನು ಹುಡುಕಬೇಕು ಎಂದು ಸೇರಿಸಿಕೊಳ್ಳಿ.

‘ಹ್ಯಾವಿಂಗ್ ಟು’ ಪ್ರಶ್ನೆಗೆ ಉತ್ತರ ಆ ವಾಕ್ಯದಲ್ಲಿಯೇ ಇದೆ. “ಹೀ ಹ್ಯಾಸ್ ಟು ಯೂಸ್ ಎ ವಾಕರ್” ಎಂದರೆ ವಾಕರ್ ಇಲ್ಲದೆ ಅವರಿಗೆ ಆಗುವುದಿಲ್ಲ, ಅದು ಅವರ ಸ್ಥಿತಿ. “ಹೀ ಈಸ್ ಹ್ಯಾವಿಂಗ್ ಟು ಯೂಸ್ ಎ ವಾಕರ್” ಎಂದರೆ ಮೊದಲು ಬೇಕಾಗಿರಲಿಲ್ಲ, ಶಸ್ತ್ರಚಿಕಿತ್ಸೆ ಆದ ಮೇಲೆ ಸದ್ಯಕ್ಕೆ ಬಳಸಬೇಕಾಗಿ ಬಂದಿದೆ, ಮುಂದೆ ಬಿಡಬಹುದು. ಕನ್ನಡದಲ್ಲಿ ‘ಬಳಸಬೇಕು’ ಎನ್ನುವುದಕ್ಕೂ ‘ಈಗ ಬಳಸಬೇಕಾಗುತ್ತಿದೆ’ ಎನ್ನುವುದಕ್ಕೂ ಇರುವ ವ್ಯತ್ಯಾಸವೇ ಇದು. ತಾತ್ಕಾಲಿಕತೆಯನ್ನು ಹೇಳುವ ಉದ್ದೇಶ ಇಲ್ಲದಿದ್ದರೆ ‘ಹ್ಯಾಸ್ ಟು’ ಸಾಕು. ಮಾದರಿ ಪತ್ರದಲ್ಲಿ ಚೆನ್ನಾಗಿ ಕಂಡಿತೆಂದು ಎಲ್ಲ ಕಡೆ ಹಚ್ಚಬೇಡಿ.

ಕೋಡ್ ಬರೆಯುವವ, ಬೆಂಗಳೂರು

ಮೇಷ್ಟ್ರೇ, ಹಾಗಾದರೆ “ವಿ ಆರ್ ಹ್ಯಾವಿಂಗ್ ಎ ಮೀಟಿಂಗ್ ಟುಮಾರೊ” ಎಂಬುದು ಸರಿಯೋ ತಪ್ಪೋ? ಕನ್ನಡದಲ್ಲಿ ನಾವು “ನಾಳೆ ಮೀಟಿಂಗ್ ಇದೆ” ಎಂದೇ ಹೇಳುತ್ತೇವೆ. ನಿಮ್ಮ ಲೆಕ್ಕದಲ್ಲಿ ಇದು ತಪ್ಪಾಗಬೇಕು. ಆದರೆ ನಮ್ಮ ಲಂಡನ್ ಕಚೇರಿಯವರು ಹೀಗೆಯೇ ಬರೆಯುತ್ತಾರೆ.

ಭಾಷಾವಿಜ್ಞಾನದ ವಿದ್ಯಾರ್ಥಿನಿ, ಮೈಸೂರು

ಅದು ಸರಿಯಾದ ವಾಕ್ಯ. ಮೊದಲೇ ಗೊತ್ತುಮಾಡಿಕೊಂಡ ಮುಂದಿನ ಕಾರ್ಯಕ್ರಮವನ್ನು ಹೇಳಲು ಇಂಗ್ಲಿಷ್ ಪ್ರೆಸೆಂಟ್ ಕಂಟಿನ್ಯುಯಸ್ ರೂಪವನ್ನು ಬಳಸುತ್ತದೆ. ಸಭೆಯನ್ನು ನೀವು ನಡೆಸುತ್ತೀರಿ, ಆದ್ದರಿಂದ ಅದು ಕ್ರಿಯೆಯೇ. “ವಿ ಹ್ಯಾವ್ ಎ ಮೀಟಿಂಗ್ ಟುಮಾರೊ” ಎಂಬುದೂ ಸರಿ. ಅದು ಡೈರಿಯಲ್ಲಿ ಬರೆದಿಟ್ಟ ಸಂಗತಿಯಂತೆ ಕೇಳುತ್ತದೆ. ಆದರೆ ವಿದ್ಯಾರ್ಥಿಯೊಬ್ಬ “ಐ ಆಮ್ ಹ್ಯಾವಿಂಗ್ ಎಗ್ಸಾಮ್ ಟುಮಾರೊ” ಎಂದರೆ ಒಪ್ಪುವುದು ಕಷ್ಟ. ಪರೀಕ್ಷೆಯನ್ನು ಅವನು ಏರ್ಪಡಿಸಿಲ್ಲ, ಅದು ಅವನ ಮೇಲೆ ಬಂದು ಕೂತಿದೆ. ‘ಎಗ್ಸಾಮ್’ ಹಿಂದೆ ‘ಆ್ಯನ್’ (an) ಬಿಟ್ಟುಹೋಗಿರುವುದು ಬೇರೆಯೇ ಕಥೆ.

ಕರಾವಳಿ ನರ್ಸ್, ಮಂಗಳೂರು

ಇಷ್ಟನ್ನೂ ಓದಿಕೊಂಡು ಅಭ್ಯಾಸದ ಪತ್ರವೊಂದರ ಒಂದು ಪರಿಚ್ಛೇದವನ್ನು ಬರೆದಿದ್ದೇನೆ; ದಯವಿಟ್ಟು ನೋಡಿ. “ಮಿಸೆಸ್ ಡಿಸೋಜಾ ಹ್ಯಾಸ್ ಹೈಪರ್‌ಟೆನ್ಷನ್ ಅಂಡ್ ಹ್ಯಾಸ್ ಹ್ಯಾಡ್ ಟೈಪ್ ಟು ಡಯಾಬಿಟಿಸ್ ಫಾರ್ ಟ್ವೆಲ್ವ್ ಇಯರ್ಸ್. ಶಿ ಡಸ್ ನಾಟ್ ಹ್ಯಾವ್ ಎನಿ ನೋನ್ ಅಲರ್ಜೀಸ್. ಶಿ ಹ್ಯಾಸ್ ಬೀನ್ ಹ್ಯಾವಿಂಗ್ ಚೆಸ್ಟ್ ಪೇನ್ ಸಿನ್ಸ್ ದಿಸ್ ಮಾರ್ನಿಂಗ್ ಅಂಡ್ ಈಸ್ ಹ್ಯಾವಿಂಗ್ ಡಿಫಿಕಲ್ಟಿ ಕ್ಲೈಂಬಿಂಗ್ ಸ್ಟೇರ್ಸ್.” ಮಿಸೆಸ್ ಡಿಸೋಜಾ ಕಲ್ಪಿತ ರೋಗಿ. ನನ್ನ ಅನುಮಾನ ಇರುವುದು ಮೂರನೆಯ ವಾಕ್ಯದಲ್ಲಿ. ಅಲ್ಲಿ ‘ಹ್ಯಾಸ್ ಹ್ಯಾಡ್’ ಬರಬೇಕೋ ‘ಹ್ಯಾಸ್ ಬೀನ್ ಹ್ಯಾವಿಂಗ್’ ಬರಬೇಕೋ?

ನಿವೃತ್ತ ಮೇಷ್ಟ್ರು, ಹಾಸನ

ಮೊದಲೆರಡು ವಾಕ್ಯಗಳಿಗೆ ನನ್ನ ಕೆಂಪು ಪೆನ್ನು ತೆರೆಯುವ ಕೆಲಸವೇ ಇಲ್ಲ. ‘ಡಸ್ ನಾಟ್ ಹ್ಯಾವ್ ಎನಿ’ ಎನ್ನುವ ಬದಲು ‘ಹ್ಯಾಸ್ ನೋ ನೋನ್ ಅಲರ್ಜೀಸ್’ ಎಂದರೆ ಪದಗಳು ಉಳಿಯುತ್ತವೆ. ಕೊನೆಯ ತುಂಡಿನಲ್ಲಿ ‘ಈಸ್ ಹ್ಯಾವಿಂಗ್ ಡಿಫಿಕಲ್ಟಿ’ ಚೆನ್ನಾಗಿಯೇ ಇದೆ. ನೋವಿನ ವಾಕ್ಯವನ್ನು ವಾರ್ಡಿನಲ್ಲಿರುವವರಿಗೆ ಬಿಡುತ್ತೇನೆ.

ಲೀಡ್ಸ್ ಕನ್ನಡತಿ, ಬ್ರಿಟನ್

ಎರಡೂ ರೂಪಗಳು ವ್ಯಾಕರಣದ ದೃಷ್ಟಿಯಿಂದ ಸರಿ. ಆದರೆ ಅವು ವೈದ್ಯರಿಗೆ ಕೊಡುವ ಚಿತ್ರ ಒಂದೇ ಅಲ್ಲ. ‘ಹ್ಯಾಸ್ ಹ್ಯಾಡ್ ಚೆಸ್ಟ್ ಪೇನ್ ಸಿನ್ಸ್ ದಿಸ್ ಮಾರ್ನಿಂಗ್’ ಎಂದರೆ ಬೆಳಿಗ್ಗೆ ಶುರುವಾದ ನೋವು ಹಾಗೆಯೇ ಇದೆ ಎಂದು ಓದುವುದು ಸಹಜ. ‘ಹ್ಯಾಸ್ ಬೀನ್ ಹ್ಯಾವಿಂಗ್’ ಎಂದರೆ ಬಂದು ಹೋಗಿ, ಮತ್ತೆ ಬಂದು ಹೋಗಿ ಮಾಡುತ್ತಿದೆ ಎಂಬ ಕಡೆಗೆ ಓದುವವರ ಮನಸ್ಸು ವಾಲುತ್ತದೆ. ಎದೆನೋವಿನ ರೋಗಿಯಲ್ಲಿ ಈ ಎರಡರ ನಡುವಿನ ಅಂತರವನ್ನು ಯಾವ ವೈದ್ಯರೂ ಹಗುರವಾಗಿ ತೆಗೆದುಕೊಳ್ಳುವುದಿಲ್ಲ. ಆದ್ದರಿಂದ ಕಾಲರೂಪವೊಂದರ ಮೇಲೆಯೇ ಭಾರ ಹಾಕದೆ ಕೇಸ್ ನೋಟ್ಸ್ ಏನು ಹೇಳುತ್ತದೆ ಎಂದು ನೋಡಿ. ಅಲ್ಲಿ ‘ಇಂಟರ್ಮಿಟೆಂಟ್’ ಎಂದಿದ್ದರೆ “ಹ್ಯಾಸ್ ಬೀನ್ ಹ್ಯಾವಿಂಗ್ ಇಂಟರ್ಮಿಟೆಂಟ್ ಚೆಸ್ಟ್ ಪೇನ್” ಎಂದೂ, ‘ಕಾನ್‌ಸ್ಟಂಟ್’ ಎಂದಿದ್ದರೆ “ಹ್ಯಾಸ್ ಹ್ಯಾಡ್ ಕಾನ್‌ಸ್ಟಂಟ್ ಚೆಸ್ಟ್ ಪೇನ್” ಎಂದೂ ಆ ಪದವನ್ನು ಸೇರಿಸಿಯೇ ಬರೆಯಿರಿ.